ಭಾಗಮ್ಮನ ಕಷಾಯ, ಕಟ್ಟಿ ಬಗಲಿನ ದಾಸವಾಳ

ಕಲಬುರಗಿ ಶಹಾಬಜಾರದ ಆ ಓಣ್ಯಾಗ ಯಾರೂ ನೆಮ್ಮದಿಯಿಂದ ಸೀನುವಂಗ ಇರಲಿಲ್ಲ. ಸೀನಿದ್ರೋ, ಮುಗೀತು. ಮೂಗು ಒರೆಸಿಕೊಳ್ಳೋದ್ರಾಗ ಭಾಗಮ್ಮ ಬಾಗಲದಾಗ ನಿಂತಿರತಿದ್ಲು. ಸೆರಗಿನ ತುದಿಲೆ ಹಿಡಿದ ಬಿಸಿ ತಂಬಿಗಿ, ಬಾಯಾಗ ಒಂದೇ ಮಾತು: "ಮೊದಲ ಕುಡೀರಿ, ಆಮ್ಯಾಲ ಮಾತಾಡ್ರಿ." ಬ್ಯಾಡ ಅನ್ನೋ ಗಂಡಸು ಆ ಓಣ್ಯಾಗ ಹುಟ್ಟಿರಲಿಲ್ಲ. ಹೆಂಗಸರಂತೂ ಸೀನು ಬಂದ್ರ ಕೌದ್ಯಾಗ ಮಾರಿ ಹುದುಗಿಸಿ ಸೀನತಿದ್ರು.

ಹಿಂಗಂದೆ ಅಂತ ಆಕಿ ಕಷಾಯ ಕೆಟ್ಟದಿತ್ತು ಅಂತ ತಿಳ್ಕೋಬ್ಯಾಡ್ರಿ. ಗುಣ ಇತ್ತು, ನಾ ಇಲ್ಲ ಅನ್ನಂಗಿಲ್ಲ. ಕೆಮ್ಮು ಹೋಗತಿತ್ತು, ಹೊಟ್ಟಿ ಉಬ್ಬರ ಇಳೀತಿತ್ತು, ನಿದ್ದಿ ಬರಲಾರದವರಿಗೆ ನಿದ್ದಿ ಬರತಿತ್ತು. ರುಚಿ ಮಾತ್ರ... ಇರಲಿ ಬಿಡ್ರಿ. ರುಚಿ ಬಗ್ಗೆ ಆಕಿ ಮುಂದ ಯಾರೂ ಬಾಯಿ ಬಿಟ್ಟಿರಲಿಲ್ಲ. ಈ ಕಥಿಯ ಗೋಳೆಲ್ಲ ಅದೇ.

ಅಡಿಗಿಮನಿ ಗ್ವಾಡ್ಯಾಗಿನ ಮಾಡದಾಗ ಆಕಿ ಗಡಿಗಿಗಳು ಸಾಲಾಗಿ ಕುಂತಿರತಿದ್ವು. ಸಣ್ಣ ಸಣ್ಣ ಮಣ್ಣಿನ ಗಡಿಗಿ, ಬಾಯಿಗೆ ಹಳೇ ಸೀರಿ ಅರಿವಿ ಕಟ್ಟಿದ್ದು. ಒಂದರಾಗ ಹವೀಜ ಅಂದ್ರ ಕೊತ್ತಂಬರಿ ಕಾಳು, ಒಂದರಾಗ ಜೀರಿಗಿ, ಇನ್ನೊಂದರಾಗ ಒಣಶುಂಠಿ. ಅಜವಾನ ಇತ್ತು, ಬಡಿಸೋಪು ಇತ್ತು, ಜೇಷ್ಠಮಧು ಇತ್ತು, ನೆರಳಾಗ ಒಣಗಿಸಿದ ತುಳಸಿ ಮತ್ತ ಹಳದಿ ತಂಗಡಿ ಹೂವು ಇತ್ತು. ಮಂದಿ ಮಾರಿ ನೋಡಿ ಪುಡಿ ಕೂಡಿಸತಿದ್ಲು ಭಾಗಮ್ಮ. ವಾಯು ಮೈಯವರಿಗೆ ಅಜವಾನ ಜಾಸ್ತಿ, ಪಿತ್ತದವರಿಗೆ ಹವೀಜ ಜಾಸ್ತಿ. ಎದುರುಮನಿ ವಿಮಲಾಬಾಯಿಗೆ ಸಿಟ್ಟು ಜಾಸ್ತಿ ಅಂತ ಬಡಿಸೋಪಿಗೆ ಕಲ್ಲುಸಕ್ರಿ ಸೇರಿಸಿ ಒಂದು ಬ್ಯಾರೆ ಪುಡೀನೇ ಮಾಡಿಟ್ಟಿದ್ಲು. ವಿಮಲಾಬಾಯಿ ಕೇಳಿದ್ಲೇನು? ಇಲ್ಲ. ಆ ಪುಡಿ ಯಾಕ ಅಂತ ಗೊತ್ತಾದ ದಿನ ಆಕಿ ಸಿಟ್ಟು ಓಣಿಗೆಲ್ಲ ಕೇಳಿಸಿತು.

ಆದ್ರ ಕೆಲಸ ನೋಡಬೇಕು ಭಾಗಮ್ಮಂದು. ಯಾವುದನ್ನೂ ಕೂಡಿಸಿ ಹುರದವಳಲ್ಲ. ಹವೀಜಕ್ಕ ಬೇಕಾದ ಉರಿ ಜೀರಿಗಿಗೆ ಬ್ಯಾಡ, ಕೂಡಿಸಿ ಹುರದ್ರ ಒಂದು ಹಸಿ ಉಳೀತದ, ಇನ್ನೊಂದು ಸೀದು ಹೋಗತದ ಅಂತ ಒಂದೊಂದನ್ನೇ ಹಂಚಿನ ಮ್ಯಾಲ ಹಾಕಿ, ಘಮ ಏಳೋ ತನಕ ಕೈ ಬಿಡದಂಗ ಆಡಸ್ತಿದ್ಲು. ಶುಂಠಿ ಒಳ್ಳಿನಾಗ ಕುಟ್ಟಿ ಅರಿವ್ಯಾಗ ಸೋಸತಿದ್ಲು. ಹೂವಿಗೆ ಮಾತ್ರ ಒನಕಿ ಮುಟ್ಟಿಸತಿರಲಿಲ್ಲ, ಅಂಗೈಯಾಗ ತಿಕ್ಕಿ ಉದುರಸ್ತಿದ್ಲು. ಆ ಹೊತ್ತಿನಾಗ ಯಾರರ ಮಾತಾಡಿಸಿದ್ರ ತಿರುಗಿ ನೋಡತಿರಲಿಲ್ಲ.

ಇದೆಲ್ಲ ಆಕಿ ಕಲಿತದ್ದು ತವರುಮನಿ ಕಮಲಾಪುರದಾಗ, ಅಪ್ಪ ಖಂಡೆಪ್ಪನ ಕೈಯಾಗ. ಖಂಡೆಪ್ಪ ವೈದ್ಯ ಅಲ್ಲ, ಏನೂ ಅಲ್ಲ. ಬಾಳಿ ತೋಟ ಮಾಡೋ ಒಬ್ಬ ರೈತ. ಆದ್ರ ಗುಡ್ಡದ ಕೆಂಪು ಮಣ್ಣಿನಾಗ ಯಾವ ಗಿಡ ಕಂಡ್ರೂ ಬಗ್ಗಿ, ಒಂದು ಎಲಿ ಮುರಿದು, ಮೂಸಿ, ಮಗಳ ಮೂಗಿಗೂ ಹಿಡಿಯೋ ಚಟ. ಮಗಳನ್ನ ಕಲಬುರಗಿಗೆ ಕೊಟ್ಟಾಗ ಬ್ಯಾರೆಯವರು ಹಿತ್ತಾಳಿ ಕೊಡ ಕೊಟ್ರು, ಖಂಡೆಪ್ಪ ಒಂದು ಮಣ್ಣಿನ ಗಡಿಗಿ ತುಂಬ ಪುಡಿ ಕೊಟ್ಟ. ಬಂಡಿ ಕುಲುಕಿಗೆ ಒಡೀಬಾರದು ಅಂತ ಅದನ್ನ ಉಡ್ಯಾಗ ಇಟ್ಕೊಂಡು, ದಾರಿಯುದ್ದಕ್ಕೂ ಅಳಕೋತ ಗಂಡನ ಮನಿಗೆ ಬಂದಾಕಿ ಭಾಗಮ್ಮ. ಅಪ್ಪ ಸತ್ತು ಭಾಳ ವರ್ಷ ಆಗಿತ್ತು. ಪುಡಿ ತೀರಿದಂಗ ಹೊಸಾದು ಕುಟ್ಟಿ ತುಂಬತಿದ್ಲು, ಗಡಿಗಿ ಮಾತ್ರ ಅದೇ ಇತ್ತು. ಮಾಡದಾಗ ನಟ್ಟನಡುವ ಅದರ ಜಾಗ.

ಇನ್ನ ಗಂಡ ಅಣವೀರಪ್ಪನವರ ಸುದ್ದಿ. ಅವರು ತಹಸೀಲ ಕಚೇರ್ಯಾಗ ಕಾರಕೂನರು. ಆಗ ನಿಜಾಮರ ಸರ್ಕಾರ, ಕಚೇರ್ಯಾಗ ಎಲ್ಲಾ ಉರ್ದು. ದಿನಾ ಶೇರವಾನಿ ಗುಂಡಿ ಕುತ್ತಿಗಿ ತನಕ ಹಾಕ್ಕೊಂಡು, ರುಮಾಲು ಸುತ್ತಿಕೊಂಡು ಹೋಗಿ, ಮಂದಿ ಅರ್ಜಿಗಳನ್ನ ಉರ್ದುದಾಗ ಬರದು ಬರದು ಮನಿಗೆ ಬರೋದ್ರಾಗ ಅವರ ಬಾಯಾಗಿನ ಮಾತೆಲ್ಲ ತೀರಿರತಿತ್ತು. ಒಳ್ಳೆ ಮನಶಾ. ಎದುರಿನವರ ಮನಸ್ಸು ನೋಯಿಸಾಕ ಬರಲಾರದ ಮನಶಾ. ಹೆಣ್ಣುಮಕ್ಕಳಿಬ್ಬರೂ ಮದುವ್ಯಾಗಿ ಹೋದ ಮ್ಯಾಲ ಮನಿ ಇನ್ನೂ ಸುಮ್ಮನಾಗಿತ್ತು.

ದಿನಾ ಸಂಜಿಗೆ ಅವರು ಮನಿ ಮುಂದಿನ ಕಟ್ಟಿ ಮ್ಯಾಲ ಕುಂದರೋದು, ಭಾಗಮ್ಮ ಕಷಾಯದ ತಂಬಿಗಿ ಅವರ ಬಗಲಿಗೆ ಇಟ್ಟು ಒಳಗ ಹೋಗೋದು. ಅಲ್ಲೇ ಕುಂದರೋ ಮಾತೇ ಇಲ್ಲ. ಗಂಡನ ಜೋಡಿ ಕಟ್ಟಿ ಮ್ಯಾಲ ಕುಂತು ತಾನೂ ಕುಡಿಯೋ ಹೆಣ್ಣುಮಗಳನ್ನ ಆ ಓಣಿ ಕಂಡೇ ಇರಲಿಲ್ಲ. ಜರಾ ಹೊತ್ತಿನ ಮ್ಯಾಲ ಅಣವೀರಪ್ಪನವರು ಖಾಲಿ ತಂಬಿಗಿ ಹಿಡಕೊಂಡು ಒಳಗ ಬಂದು, "ಭಾಳ ಛಲೋ ಆಗ್ಯಾದ" ಅನ್ನೋದು. ಮದುವ್ಯಾದಾಗಿನಿಂದ ಇದೇ ಮಾತು. ಆ ಒಂದು ಮಾತಿನ ಮ್ಯಾಲ ಭಾಗಮ್ಮ ಮರುದಿನ ಮತ್ತ ಹುರಿಯಾಕ, ಕುಟ್ಟಾಕ ನಿಲ್ಲತಿದ್ಲು.

ಕಟ್ಟಿ ಬಗಲಿಗೆ ಒಂದು ದಾಸವಾಳದ ಗಿಡ ಇತ್ತು. ಓಣ್ಯಾಗ ಬ್ಯಾರೆಯವರ ದಾಸವಾಳ ಮೊಣಕಾಲು ಮಟ ಇದ್ರ ಭಾಗಮ್ಮನ ಮನಿದು ಛಾವಣಿ ಮುಟ್ಟಿತ್ತು. ಅಷ್ಟು ಹೂವು ಯಾರ ಮನ್ಯಾಗೂ ಇರಲಿಲ್ಲ. "ನನ್ನ ಕೈಗುಣ" ಅಂತಿದ್ಲು ಭಾಗಮ್ಮ, ಹೂ ಕೇಳಾಕ ಬಂದವರ ಮುಂದ. ಕೈಗುಣ ಯಾರದು ಅಂತ ನಿಮಗ ಗೊತ್ತಾಗ್ಯಾದ. ಆಕಿಗೆ ಗೊತ್ತಿರಲಿಲ್ಲ, ಪಾಪ.

ಹಿಂಗಿರುವಾಗ ಅಣವೀರಪ್ಪನವರು ಸಂಜಿಗೆ ತಡಾ ಮಾಡಿ ಬರಾಕ ಸುರು ಮಾಡಿದ್ರು. ಮೈ ಮ್ಯಾಲ ಒಂದು ಹೊಸ ಘಮ. ಮುಚ್ಚಿದ ಗಡಿಗಿ ಮೂಸಿ ಒಳಗೇನದಾ ಅಂತ ಹೇಳೋ ಭಾಗಮ್ಮಗ ಆ ಘಮ ಯಾವುದು ಅಂತ ತಿಳೀಲಿಲ್ಲ. ಕುದ್ದು ಕುದ್ದು ತಳ ಹಿಡಿದ ಹಾಲಿನ ವಾಸನಿ ಒಂದು, ಅದರ ಹಿಂದ ಇನ್ನೊಂದೇನೋ. ಶೇರವಾನಿ ಗೂಟಕ್ಕ ಹಾಕೋ ಮುಂದ ಮೂಸಿ ಮೂಸಿ ನೋಡಿದ್ಲು. ಆಕಿಗೆ ನಿದ್ದಿ ಹತ್ತಲಿಲ್ಲ.

ಸುದ್ದಿ ಬಂದದ್ದು ಹಿತ್ತಲ ಗ್ವಾಡಿ ಮ್ಯಾಲಿಂದ. ಆಚಿ ಮನಿ ಶಾಹಜಾದಿಯ ಗಂಡ ಫಕ್ರುದ್ದೀನ್ ಟೇಶನ್ನಿಗೆ ಟಾಂಗಾ ಹೊಡೀತಿದ್ದ. ಊರಿನ ಸುದ್ದಿಯೆಲ್ಲ ಅವನ ಟಾಂಗಾದಾಗ ಕುಂತೇ ಬರತಿತ್ತು.

"ಅಕ್ಕಾ, ಬುರಾ ಮತ್ ಮಾನೋ, ಬ್ಯಾಸರ ಮಾಡ್ಕೋಬ್ಯಾಡ," ಅಂದ್ಲು ಶಾಹಜಾದಿ, ಗ್ವಾಡಿ ಮ್ಯಾಲ ಗದ್ದ ಊರಿ. "ನಮ್ಮನಿಯವರು ನೋಡ್ಯಾರ. ಸಾಹೇಬರು ದಿನಾ ಸಂಜಿಗೆ ಟೇಶನ್ ಬಲ್ಲಿ ಆ ಇರಾನಿ ಜಹಾಂಗೀರ್ ಸೇಠನ ಹೋಟೆಲಿನಾಗ ಕುಂದರತಾರಂತ. ಚಾಯ್ ಕುಡೀತಾರಂತ."

"ಕುಡೀತಾರಂದ್ರ? ಒಂದು ಗುಟುಕು ರುಚಿ ನೋಡ್ಯಾರೇನು?"

"ಗುಟುಕೇನಕ್ಕಾ! ಬಶ್ಯಾಗ ಸುರಕೊಂಡು, ಊದಿ ಊದಿ. ಮ್ಯಾಲ ಇನ್ನೊಂದು ತರಸ್ತಾರಂತ. ಸೇಠ್ ಎದುರಿಗೇ ಕುಂತು ಮಾತಾಡಸ್ತಾನಂತ. ಸಾಹೇಬರು ನಗತಾರಂತ."

ಇರಾನಿ ಹೋಟೆಲಿನಾಗ ಕುಡದಿದ್ದು ಮಠದ ಅಯ್ಯನವರಿಗೆ ಗೊತ್ತಾದ್ರ ಏನು ಗತಿ ಅಂತ ಬ್ಯಾರೆ ಹೆಂಗಸಾಗಿದ್ರ ಎದಿ ಬಡಕೋತಿದ್ಲು. ಭಾಗಮ್ಮಗ ಅದು ತಲಿಗೇ ಬರಲಿಲ್ಲ. ಆಕಿಗೆ ಬಂದದ್ದು ಒಂದೇ ವಿಚಾರ. ನನ್ನ ಕಷಾಯ ಇವರಿಗೆ ಬ್ಯಾಡಾಗ್ಯಾದ. ನಮ್ಮಪ್ಪನ ಕೈದು ಇವರಿಗೆ ಬ್ಯಾಡಾಗ್ಯಾದ. ಕಣ್ಣಾಗ ನೀರು ಬಂತು, ಹಿಂದೇ ಸಿಟ್ಟೂ ಬಂತು.

"ಕೇಳಿಲ್ಲಿ ಶಾಹಜಾದಿ," ಅಂದ್ಲು. "ಸಂಕ್ರಾಂತಿ ಒಳಗ ಇವರು ಆ ಹೋಟೆಲು ಮರೆಯೋವಂಥ ಚಹಾ ಮನ್ಯಾಗೇ ಮಾಡತೀನಿ. ನನ್ನ ಪುಡೀಲೇ ಮಾಡತೀನಿ. ಆಗಲಿಲ್ಲ ಅಂದ್ರ ನಮ್ಮಪ್ಪನ ಗಡಿಗಿ ಕಮಲಾಪುರಕ್ಕ ಒಯ್ದು ಇಟ್ಟು ಬರತೀನಿ. ಮತ್ತ ಈ ಕೈಲೆ ಒಂದು ಕಾಳು ಹವೀಜ ಹುರದ್ರ ಕೇಳು."

ಶಾಹಜಾದಿ ನಕ್ಳು. ಭಾಗಮ್ಮನ ಮಾರಿ ನೋಡಿ ನಗು ನುಂಗಿದ್ಲು. ಗಡಿಗಿ ಇಲ್ಲದ ಭಾಗಮ್ಮನ್ನ ನೆನಸಾಕೂ ಆಗಲಿಲ್ಲ ಆಕಿಗೆ.

ಮೊದಲ ವೈರಿ ಯಾರು ಅಂತ ನೋಡಬೇಕಲ್ಲ. ಫಕ್ರುದ್ದೀನನ ಕೈಲೆ ಒಂದು ತಂಬಿಗಿ ಹೋಟೆಲ್ ಚಹಾ ತರಿಸಿದ್ಲು ಶಾಹಜಾದಿ. ಗ್ವಾಡಿ ಮ್ಯಾಲಿಂದ ಈಚಿ ದಾಟಿಸಿದ್ಲು. ಕುಡಿಯೋದು ಹೆಂಗ? ಭಾಗಮ್ಮ ಒಂದು ಚಿಟಿಕಿ ವಿಭೂತಿ ಉದುರಿಸಿ, ಕಣ್ಣು ಮುಚ್ಚಿ, ಎದಿ ಮ್ಯಾಲಿನ ಲಿಂಗಕ್ಕ ಕೈ ಮುಗಿದು, ಒಂದು ಗುಟುಕು ಇಳಿಸಿದ್ಲು. ಇನ್ನೊಂದು ಗುಟುಕು ಇಳಿಸಿದ್ಲು. ಪರೀಕ್ಷಾ ಮಾಡಬೇಕು ಅಂತ ತಂಬಿಗಿ ಪೂರಾ ಮುಗಿಸಿದ್ಲು.

"ಹೆಂಗದಾ ಅಕ್ಕಾ?"

"ಏನದಾ ಇದರಾಗ ಮಣ್ಣು!" ಅಂದ್ಲು ಭಾಗಮ್ಮ, ತುಟಿ ಒರೆಸಿಕೋತ. "ಕುದಿಸಿ ಕುದಿಸಿ ಗಟ್ಟಿ ಮಾಡಿದ ಹಾಲು, ಸುರುವಿದ ಸಕ್ರಿ, ಯಾವುದೋ ಒಂದು ಕಪ್ಪು ಎಲಿ. ಅದಕ್ಕೊಂದು ಗುಣ ಇಲ್ಲ. ಬಣ್ಣ ಒಂದು ಛಂದ ಅದಾ ನೋಡು, ಅದಕ್ಕೇ ಮರುಳಾಗ್ಯಾರ."

ಬಣ್ಣ ಅಂತ ಹಟ ಹಿಡದ್ಲು. ತಂಗಡಿ ಹೂವು ಜಾಸ್ತಿ ಹಾಕಿದ್ರ ಅರಿಶಿಣ ನೀರು ಆತು. ಬೆಲ್ಲ ಸುಟ್ಟು ಹಾಕಿದ್ರ ದೀಪದ ಕಾಡಿಗಿ ಆತು. ಆ ದಿನಗಳಾಗ ಮಾಡಿ ಮಾಡಿ ಇಟ್ಟದ್ದೆಲ್ಲ ಅಣವೀರಪ್ಪನವರ ತಂಬಿಗಿಗೇ ಹೋತು, ತಂಬಿಗಿಯಿಂದ ಎಲ್ಲಿಗೆ ಹೋತು ಅಂತ ಹೇಳೋದು ಬ್ಯಾಡ. ಪ್ರತಿ ಸಲ ಅದೇ ಮಾತು, "ಭಾಳ ಛಲೋ ಆಗ್ಯಾದ." ಆದ್ರ ಸಂಜಿ ಆತಂದ್ರ ಕಾಲು ಟೇಶನ್ ಕಡಿಗೇ.

ಆಗ ಒಂದಿನ ಹಿತ್ತಲದಾಗ ಕೆಂಪು ಪುಂಡಿ ಕಣ್ಣಿಗೆ ಬಿತ್ತು. ಪುಂಡಿಪಲ್ಯ ಇಲ್ಲದ ಮನಿ ನಮ್ಮ ಕಡಿಗೆ ಇಲ್ಲ, ಅದು ನಿಮಗೂ ಗೊತ್ತು. ಸೊಪ್ಪು ಪಲ್ಯಕ್ಕ ಮುರಕೊಂಡು, ಕೊನಿಗೆ ಬಿಡೋ ಕೆಂಪು ಕಾಯಿ ಸಿಪ್ಪಿ ಚಟ್ನಿಗೆ ಇಟ್ಟಿರತಾರ. ಭಾಗಮ್ಮ ಆ ಸಿಪ್ಪಿ ಒಣಗಿಸಿ, ಕುಟ್ಟಿ, ತನ್ನ ಪುಡಿಗೆ ಕೂಡಿಸಿ ಬಿಸಿನೀರಾಗ ಹಾಕಿದ್ಲು. ಆಹಾ, ಏನು ಕೆಂಪು! ಜಹಾಂಗೀರ್ ಸೇಠ ತಲಿ ತಗ್ಗಸಬೇಕು ಅಂಥ ಕೆಂಪು. ಬೆಲ್ಲ ಹಾಕಿ ರುಚಿ ನೋಡಿದ್ಲು, ಹುಳಿಸಿಹಿ, ಬರೋಬರಿ ಇತ್ತು. ಗ್ವಾಡಿ ಆಚಿಂದ ಶಾಹಜಾದಿ ನೋಡಿ, "ವಾಹ್ ಅಕ್ಕಾ!" ಅಂದ್ಲು.

ನಿಜಾಮ ಸರ್ಕಾರದಾಗ ಶುಕ್ರವಾರ ಕಚೇರಿಗೆ ಸೂಟಿ. ಆ ಶುಕ್ರವಾರ ಮಧ್ಯಾಹ್ನ ಗಂಡ ಮಲಗಿ ಎದ್ದು ಕಟ್ಟಿ ಮ್ಯಾಲ ಕುಂದರೋದಕ್ಕೂ ಭಾಗಮ್ಮ ಬರೋದಕ್ಕೂ ಸರಿ ಆತು. ಅವತ್ತು ತಂಬಿಗಿ ಅಲ್ಲ, ಎಲ್ಲಿಂದಲೋ ಹೊಂದಿಸಿ ತಂದ ಚಹಾದ ಕಪ್ಪು-ಬಶಿ. ಇನ್ನೊಂದು ಕೈಯಾಗ ಗಟ್ಟಿ ಹಾಲಿನ ಚಂಬು. ಹೋಟೆಲ್ ಚಹಾಕ್ಕ ಹಾಲು ಇರತದಲ್ಲ, ಮರತಾಳೇನು? ತನ್ನ ಕಷಾಯಕ್ಕ ಹುಟ್ಟಿದಾಗಿನಿಂದ ಹಾಲು ಹಾಕಿದವಳಲ್ಲ ಆಕಿ. ಪುಂಡಿ ಸಾರಿನಾಗ ಹಾಲು ಸುರುವೋರನ್ನ ಎಲ್ಲೆರ ಕಂಡೀರೇನು? ಹಂಗ ಸುರುವಿದ್ರ ಏನಾಗತದ ಅಂತ ಆಕಿ ಅಲ್ಲ, ಆಕಿ ಮುತ್ತಜ್ಜಿನೂ ವಿಚಾರ ಮಾಡಿರಲಿಕ್ಕಿಲ್ಲ. ಗಂಡನ ಕಣ್ಣ ಮುಂದೇ ಇರಲಿ ಅಂತ ಅಲ್ಲೇ ನಿಂತು, ಮ್ಯಾಲಿಂದ ಧಾರಿ ಹಿಡಿದು ಹಾಲು ಸುರುವಿದ್ಲು.

ಹಾಲು ಒಡೀತು. ಕಪ್ಪಿನ ತುಂಬ ಗಡ್ಡಿ ಗಡ್ಡಿ ಎದ್ವು, ಕೆಂಪು ನೀರು ಬ್ಯಾರೆ, ಬಿಳೀ ಚೂರು ಬ್ಯಾರೆ. ಭಾಗಮ್ಮನ ಬಾಯಿ ತೆರದದ್ದು ತೆರದಂಗೇ ಉಳೀತು.

ಅಣವೀರಪ್ಪನವರು ಕಪ್ಪು ನೋಡಿದ್ರು. ಹೆಂಡ್ತಿ ಮಾರಿ ನೋಡಿದ್ರು. ದಾಸವಾಳದ ಗಿಡ ನೋಡಿದ್ರು. ಹೆಂಡ್ತಿ ಎದುರಿಗೇ ನಿಂತಾಳ, ಏನು ಮಾಡಬೇಕು? ಕಣ್ಣು ಮುಚ್ಚಿ ಎತ್ತಿದ್ರು. ಗಟಗಟ ಕುಡದ್ರು. ಮೀಸ್ಯಾಗ ಒಡದ ಹಾಲಿನ ಚೂರು ಸಿಕ್ಕೊಂಡಿತ್ತು. ಮೀಸಿ ಒರೆಸಿಕೊಂಡು, ಗಂಟಲು ಸರಿ ಮಾಡಿಕೊಂಡು, ಅಂದ್ರು: "ಭಾಳ ಛಲೋ ಆಗ್ಯಾದ."

ಅದೊಂದು ಮಾತು ಅನ್ನಬಾರದಿತ್ತು ನೋಡ್ರಿ.

"ಏನಂದ್ರಿ?" ಅಂದ್ಲು ಭಾಗಮ್ಮ. ದನಿ ಸಣ್ಣದಾಗಿತ್ತು. "ಹಾಲು ಒಡದದ್ದು ನಿಮ್ಮ ಕಣ್ಣಿಗೆ ಕಾಣಸ್ತದ. ನನ್ನ ಕಣ್ಣಿಗೂ ಕಾಣಸ್ತದ. ಇದಕ್ಕೂ ಛಲೋ ಅಂತೀರಿ. ಹಂಗಾರ ಇಷ್ಟು ವರ್ಷ ಅಂದದ್ದು ಏನದು? ಅದೆಲ್ಲ ಹಿಂಗೇ ಏನು?"

"ಹಂಗಲ್ಲ, ನಾ ಏನಂದೆ ಅಂದ್ರ..." ಅಂತ ಅಣವೀರಪ್ಪನವರು ಎದ್ದು ನಿಂತ್ರು. ದೊಡ್ಡ ದೊಡ್ಡ ಸಾಹೇಬರಿಗೆ ಉರ್ದುದಾಗ ಅರ್ಜಿ ಬರೆಯೋ ಮನಶಾಗ ಸ್ವಂತ ಹೆಂಡ್ತಿ ಮುಂದ ಒಂದು ಮಾತು ಹೊಂದಲಿಲ್ಲ. ಭಾಗಮ್ಮ ಒಳಗ ಹೋಗಿ, ಮಾಡದಿಂದ ಅಪ್ಪನ ಗಡಿಗಿ ಇಳಿಸಿ, ಅರಿವ್ಯಾಗ ಸುತ್ತಿದ್ಲು.

ಮರುದಿನ ಆಕಿ ಅಣ್ಣ ದೇವೀಂದ್ರಪ್ಪ ಕಮಲಾಪುರದಿಂದ ಕೆಂಪು ಬಾಳಿಗೊನಿ ಬಂಡಿ ಹೊಡಕೊಂಡು ಬಜಾರಕ್ಕ ಬಂದಿದ್ದ. ಖಾಲಿ ಬಂಡಿ ತಿರುಗಿ ಹೋಗೋ ಮುಂದ ಭಾಗಮ್ಮ ಹತ್ತಿ ಕುಂತ್ಲು. "ಯವ್ವನ ನೋಡಿ ಬರತೀನಿ" ಅಂದ್ಲು ಗಂಡಗ, ಅವರ ಮಾರಿ ನೋಡದಂಗ. ಅಣವೀರಪ್ಪನವರು ಆಕಿ ಉಡ್ಯಾಗಿನ ಗಡಿಗಿ ನೋಡಿದ್ರು. ಬಂಡಿ ಹಿಂದ ಓಣಿ ತುದಿ ತನಕ ನಡಕೋತ ಬಂದ್ರು, ಅಲ್ಲೇ ನಿಂತ್ರು. 

ಕಮಲಾಪುರದಾಗ ತಾಯಿ ಸಾಬಮ್ಮ ಪಡಸಾಲ್ಯಾಗ ಕುಂತು ಬಾಳಿಹಣ್ಣು ತಿನ್ನಾಕತ್ತಿದ್ಲು. ಹಲ್ಲು ಒಂದೂ ಇರಲಿಲ್ಲ, ಬಾಳಿಹಣ್ಣಿಗೆ ಹಲ್ಲು ಯಾಕ ಅನ್ನೋ ಧೈರ್ಯದ ಮುದುಕಿ. ಮಗಳು ಗಡಿಗಿ ತಂದು ಮುಂದ ಇಟ್ಟದ್ದು ನೋಡಿ, "ಇದ್ಯಾಕ ತಂದೀ?" ಅಂದ್ಲು.

"ಇಲ್ಲೇ ಇರಲಿ ಯವ್ವಾ. ಅಲ್ಲಿ ಇದು ಯಾರಿಗೂ ಬ್ಯಾಡಾಗ್ಯಾದ," ಅಂತ ಭಾಗಮ್ಮ ಶುರು ಮಾಡಿದಾಕಿ ಹೋಟೆಲು, ಪುಂಡಿ, ಒಡದ ಹಾಲು ಎಲ್ಲಾ ಹೇಳಿ ಗೊಳೋ ಅಂತ ಅತ್ಲು. "ಅಪ್ಪ ಮಾಡಿದ ಕಷಾಯ ನೀ ದಿನಾ ಹೆಂಗ ಕುಡೀತಿದ್ದಿ. ಅಷ್ಟು ಛಲೋ ಆಗತಿತ್ತು ಅಪ್ಪನ ಕೈದು. ನನಗ ಆ ಕೈಗುಣ ಬರಲಿಲ್ಲ."

ಸಾಬಮ್ಮ ಹಣ್ಣು ತಿನ್ನೋದು ಬಿಟ್ಲು. ಮಗಳನ್ನ ನೋಡಿದ್ಲು. ಆಮ್ಯಾಲ ಬೊಚ್ಚುಬಾಯಿ ತೆರದು ನಗಾಕತ್ಲು. ನಕ್ಕೋತ ನಕ್ಕೋತ ಕೆಮ್ಮು ಬಂತು.

"ಛಲೋ? ನಿಮ್ಮಪ್ಪನ ಕಷಾಯ? ಏ ಹುಚ್ಚಿ, ಬೇವಿನ ರಸ ಇದ್ದಂಗ ಇರತಿತ್ತು. ಒಂದಿನಾನೂ ನನಗ ಸೇರಲಿಲ್ಲ."

"ಮತ್ತ ದಿನಾ ಕುಡೀತಿದ್ದೆಲ್ಲ?"

"ಕುಡೀಲಾರದ ಏನು ಮಾಡಲಿ? ನೀವೆಲ್ಲ ಹಾಸಿಗಿ ಸೇರಿದ ಮ್ಯಾಲ ಒಲಿ ಮುಂದ ತಾನೇ ಕಾಸತಿದ್ದ. ನನಗೊಂದು ಬಟ್ಟಲ, ತನಗೊಂದು ಬಟ್ಟಲ. ಎದುರಿಗೆ ಕುಂದರತಿದ್ದ. ಈ ಎಲಿ ಅಲ್ಲಿ ಸಿಕ್ತು, ಆ ಹೂವು ದೊಡ್ಡ ಕಲ್ಲಿನ ಹಿಂದ ಇತ್ತು, ಗುಡ್ಡದಾಗ ಮೊಲ ಅಡ್ಡ ಬಂತು ಅಂತ ಹೇಳತಿದ್ದ. ನಾನೂ ಹೇಳತಿದ್ದೆ, ಅತ್ತಿ ಏನಂದ್ಲು, ಎಮ್ಮಿ ಏನು ಮಾಡಿತು. ಈ ಊರಾಗ ಯಾವ ಗಂಡಸು ಹೆಂಡ್ತಿ ಎದುರಿಗೆ ಕುಂತು ಕೇಳತಿದ್ದ, ಹೇಳು? ಅದರ ಸಲುವಾಗಿ ಕುಡೀತಿದ್ದೆ. ಕಹಿ ಇದ್ರ ಇರಲಿ ಅಂತ." ಸಾಬಮ್ಮ ಕಣ್ಣು ಒರೆಸಿಕೊಂಡ್ಲು, ನಕ್ಕದ್ದಕ್ಕೋ ಏನೋ. "ಹೌದೂ, ನೀ ಅಳಿಯಂದ್ರಿಗೆ ಕೊಟ್ಟು ಎಲ್ಲಿ ಕುಂದರತೀ?"

"ಕುಂದರೋದೇನು ಯವ್ವಾ? ಒಲಿ ಮ್ಯಾಲ ರೊಟ್ಟಿ ಇರತಾವಲ್ಲ."

"ಹ್ಞಾಂ," ಅಂದ್ಲು ಸಾಬಮ್ಮ. ಉಳಿದ ಬಾಳಿಹಣ್ಣು ಬಾಯಿಗಿಟ್ಟುಕೊಂಡ್ಲು.

ಭಾಗಮ್ಮಗ ಗ್ವಾಡಿ ಮ್ಯಾಲಿಂದ ಶಾಹಜಾದಿ ಹೇಳಿದ್ದು ನೆನಪಾತು. ಸೇಠ್ ಎದುರಿಗೇ ಕುಂತು ಮಾತಾಡಸ್ತಾನಂತ. ಸಾಹೇಬರು ನಗತಾರಂತ. ಅವತ್ತು ಚಹಾ ಅನ್ನೋದಷ್ಟೇ ಕಿವಿಗೆ ಬಿದ್ದಿತ್ತು. ಗಂಡ ನಗೋದನ್ನ ತಾ ಕಂಡು ಎಷ್ಟು ದಿನ ಆತು ಅಂತ ನೆನಸಾಕ ಹೋದ್ಲು, ನೆನಪಾಗಲಿಲ್ಲ.  ಅವತ್ತಿನ ರಾತ್ರಿ ಗಡಿಗಿ ತಲಿ ಬಲ್ಲಿ ಇಟ್ಕೊಂಡು ಮಲಗಿದ್ಲು. ಮುಂದಿನ ಸಲ ಬಾಳಿಗೊನಿ ಬಂಡಿ ಹೊಂಟಾಗ, ದೇವೀಂದ್ರಪ್ಪ ಕೇಳೋಕಿಂತ ಮೊದಲೇ ಗಡಿಗಿ ಸಮೇತ ಹತ್ತಿ ಕುಂತಿದ್ಲು.

ಓಣ್ಯಾಗ ಇಳದಾಗ ಹೊತ್ತು ಇಳದಿತ್ತು. ಅಣವೀರಪ್ಪನವರು ಕಟ್ಟಿ ಮ್ಯಾಲೇ ಇದ್ರು. ಟೇಶನ್ನಿಗೆ ಹೋಗಿರಲಿಲ್ಲ. ಹೆಂಡ್ತಿ ಉಡ್ಯಾಗ ಗಡಿಗಿ ನೋಡಿದವರು ಎದ್ದು ನಿಂತು, ಏನೋ ಅನ್ನಾಕ ಹೋಗಿ, "ಬಂದೀ?" ಅಂದ್ರು, ಅಷ್ಟೇ. ಒಳಗ ಹೋದ್ರ ಅಡಿಗಿಮನ್ಯಾಗ ಸೀದ ವಾಸನಿ. ಹಿತ್ತಾಳಿ ಪಾತೇಲಿ ತಳ ಕರ್ರಗಾಗಿ ಬಚ್ಚಲದಾಗ ಬಿದ್ದಿತ್ತು. ಮಾಡದಾಗಿನ ಉಳಿದ ಗಡಿಗಿಗಳಿಂದ ಅದಿಷ್ಟು ಇದಿಷ್ಟು ಹಾಕಿ ತಾವೇ ಕಷಾಯ ಕಾಸಾಕ ಹೋಗಿದ್ರು ಕಾರಕೂನರು. ಹವೀಜ ಎಲ್ಲಿ, ಅಜವಾನ ಎಲ್ಲಿ, ಒಂದೂ ಗೊತ್ತಿಲ್ಲದ ಮನಶಾ. ಸಿಟ್ಟು ಬರಬೇಕಿತ್ತು ಭಾಗಮ್ಮಗ. ಬರಲಿಲ್ಲ.

ಒಲಿ ಹಚ್ಚಿದ್ಲು. ಅಪ್ಪನ ಗಡಿಗಿ ಬಿಚ್ಚಿದ್ಲು. ಕಷಾಯ ಕುದ್ದ ಮ್ಯಾಲ ತಂಬಿಗಿ ತಗೋಳ್ಳಿಲ್ಲ, ಎರಡು ಬಟ್ಟಲ ತಗೊಂಡ್ಲು. ಹೊರಗ ಬಂದು ಒಂದು ಗಂಡನ ಮುಂದ ಇಟ್ಲು, ಇನ್ನೊಂದು ಹಿಡಕೊಂಡು ಕಟ್ಟಿ ಮ್ಯಾಲ, ಅವರ ಎದುರಿಗೇ ಕುಂತ್ಲು.

ಎದುರುಮನ್ಯಾಗ ಜೋಳ ಕೇರಾಕತ್ತಿದ್ದ ವಿಮಲಾಬಾಯಿ ಮೊರ ನಿಲ್ಲಿಸಿ ಬಾಯಿ ಮ್ಯಾಲ ಸೆರಗು ಇಟ್ಕೊಂಡ್ಲು. ಹೋಗಿ ಬರೋ ಮಂದಿ ಎರಡೆರಡು ಸಲ ನೋಡಿದ್ರು. ಭಾಗಮ್ಮಗ ನಾಚಿಕಿಗೆ ಕಿವಿ ಕೆಂಪಾದ್ವು, ಆದ್ರೂ ಏಳಲಿಲ್ಲ.

"ಇದೇನು, ಇಲ್ಲಿ ಕುಂತೀ?" ಅಂದ್ರು ಅಣವೀರಪ್ಪನವರು, ಸಣ್ಣ ದನಿಲೆ.

"ಕುಡೀರಿ," ಅಂದ್ಲು ಭಾಗಮ್ಮ. ತಾನೂ ಒಂದು ಗುಟುಕು ಕುಡದ್ಲು.

ಅವರೂ ಕುಡದ್ರು. ಗಂಟಲಾಗ ಇಳಿಸಿದ್ರು. ರೂಢಿ ಪ್ರಕಾರ ಬಾಯಿ ತಾನಾಗೇ ತೆರೀತು. "ಭಾಳ ಛ..."

ಭಾಗಮ್ಮ ನೋಡಿದ್ಲು. ಬರೇ ನೋಡಿದ್ಲು.

ಅಣವೀರಪ್ಪನವರು ಬಟ್ಟಲ ಕೆಳಗಿಟ್ರು. ದಾಸವಾಳದ ಕಡಿಗೊಮ್ಮೆ ನೋಡಿ, ಕಡೀಕ ಹೆಂಡ್ತಿ ಕಡಿಗೆ ತಿರುಗಿದ್ರು. "ಕಹಿ ಅದಾ," ಅಂದ್ರು. "ಭಾಳ ಕಹಿ ಅದಾ. ಮದುವ್ಯಾದಾಗಿನಿಂದ ಕಹಿ ಅದಾ."

"ಅವತ್ತೇ ಹೇಳಬಾರದಾಗಿತ್ತೇನು?"

"ಹೆಂಗ ಹೇಳಲಿ?" ಅಂದ್ರು ಅವರು. "ಬಂಡ್ಯಾಗ ಆ ಗಡಿಗಿ ಉಡ್ಯಾಗ ಇಟ್ಕೊಂಡು, ಅಳಕೋತ ಬಂದಿ ನೀ. ನಾ ಎದುರಿಗೇ ಕುಂತಿದ್ದೆ. ಬಂಡಿ ಕುಲುಕಿದಾಗೆಲ್ಲ ಎರಡೂ ಕೈಲೆ ತಬ್ಬಿಕೋತಿದ್ದಿ. ಅವತ್ತಿನಿಂದ ಅದರಾಗಿನದ್ದಕ್ಕ ಕೆಟ್ಟದ್ದು ಅನ್ನಾಕ ನನಗ ಬಾಯಿ ಬರಲಿಲ್ಲ."

ಭಾಗಮ್ಮ ಸೆರಗಿನಿಂದ ಮೂಗು ಒರೆಸಿಕೊಂಡ್ಲು. ಆಮ್ಯಾಲ ಒಮ್ಮೆಲೆ ಏನೋ ಹೊಳೀತು. "ಮತ್ತ ದಿನಾ ತಂಬಿಗಿ ಖಾಲಿ ಇರತಿತ್ತಲ್ಲ? ಅದೆಲ್ಲ ಎಲ್ಲಿ ಹೋತು?"

ಅಣವೀರಪ್ಪನವರ ಕಣ್ಣು ಹೋಗಬಾರದ ಕಡಿಗೆ ಹೋತು. ಆಕಿ ಕಣ್ಣೂ ಅದರ ಹಿಂದ ಹೋತು. ಛಾವಣಿ ಮುಟ್ಟಿದ ದಾಸವಾಳ, ಮೈತುಂಬ ಹೂವು. ತನ್ನ ಕೈಗುಣ ಅಂತ ಓಣಿ ಹೆಂಗಸರಿಗೆಲ್ಲ ಹೇಳಿಕೊಂಡು ತಿರುಗಿದ ದಾಸವಾಳ.

"ಅಯ್ಯ ಶಿವನೇ!" ಅಂತ ಭಾಗಮ್ಮ ನಗಾಕತ್ಲು. ಸೆರಗು ಬಾಯಿಗೆ ತುರುಕಿದ್ರೂ ನಿಲ್ಲಲಿಲ್ಲ. ಅಣವೀರಪ್ಪನವರಿಗೂ ತಡಕೊಳ್ಳಾಕ ಆಗಲಿಲ್ಲ. ಆಕಿ ಕೇಳಿದ್ಲು, ಶುಂಠಿ ಕಡಿಮಿ ಮಾಡಲೇನು, ಬೆಲ್ಲ ಜಾಸ್ತಿ ಹಾಕಲೇನು ಅಂತ. ಅವರು ಕಚೇರ್ಯಾಗ ಹೊಸ ಸಾಹೇಬ ಕುರ್ಚ್ಯಾಗೇ ಗೊರಕಿ ಹೊಡದದ್ದು ಹೇಳಿದ್ರು. ಆಕಿ ತಂಗಡಿ ಹೂವು ಕಮಲಾಪುರದ ಯಾವ ಬದುವಿನಾಗ ಸಿಗತದ ಅಂತ ಹೇಳಿದ್ಲು. ದೀಪ ಹಚ್ಚೋ ಹೊತ್ತು ಮೀರಿತು, ರೊಟ್ಟಿ ಬಡೆಯೋದು ನೆನಪಾಗಲಿಲ್ಲ.

ಅಪ್ಪನ ಗಡಿಗಿ ಮಾಡದಾಗ ತನ್ನ ಜಾಗಕ್ಕ ಹೋತು. ಅಣವೀರಪ್ಪನವರು ಟೇಶನ್ನಿಗೆ ಹೋಗೋದು ಪೂರಾ ಬಿಟ್ರು ಅಂತ ನಾ ಸುಳ್ಳು ಹೇಳಂಗಿಲ್ಲ. ಎಂದರ ಒಮ್ಮೆ ಹೋಗತಿದ್ರು, ಹೋದ ದಿನ ಮನಿಗೆ ಬಂದು ಹೋಗಿದ್ದೆ ಅಂತ ಹೇಳತಿದ್ರು. ಉಳಿದ ದಿನ ಕಟ್ಟಿ ಮ್ಯಾಲ ಎರಡು ಬಟ್ಟಲ.

ಬ್ಯಾಸಿಗಿ ಬರೋದ್ರಾಗ ದಾಸವಾಳ ಬಾಡಾಕತ್ತಿತು. ಎಲಿ ಉದುರಿದ್ವು, ಹೂವು ಅರ್ಧಕ್ಕರ್ಧ ಕಡಿಮಿ ಆತು. ಹೂ ಕೇಳಾಕ ಬಂದ ವಿಮಲಾಬಾಯಿ, "ಭಾಗಮ್ಮಾ, ನಿನ್ನ ಕೈಗುಣ ಎಲ್ಲಿ ಹೋತು?" ಅಂತ ಚುಚ್ಚಿದ್ಲು.

"ಏನು ಮಾಡಲಿ ತಂಗಿ," ಅಂದ್ಲು ಭಾಗಮ್ಮ, ಕಟ್ಟಿ ಮ್ಯಾಲ ಕುಂತಿದ್ದ ಗಂಡನ ಕಡಿಗೆ ನೋಡಕೋತ. "ಅದಕ್ಕ ಈಗ ಬರೇ ನೀರು ಸಿಗತದ."